ಖಲೇಯವವೂ ಕೊಯ್ಲುಯಂತ್ರವೂ

ಪಾಣಿನೀಯ ಗಣಪಾಠದಲ್ಲಿ ತಿಷ್ಠದ್ಗುಪ್ರಭೃತಿಗಳೆಂಬ ಒಂದು ಗಣವುಂಟು. ಅದರಲ್ಲಿ ಪಠಿತವಾದ ಶಬ್ದಗಳು ಅವ್ಯಯೀಭಾವ ಸಮಾಸಗಳಾಗಿ ನಿಪಾತಿತವಾಗಿದ್ದು, ಅವುಗಳಲ್ಲಿ ಬಹುಭಾಗವು ಕಾಲವನ್ನು ಹೇಳುವಂಥವು. ತಿಷ್ಠದ್ಗು ಎಂದರೆ ಆಕಳುಗಳು ಕರೆಯಿಸಿಕೊಳ್ಳುವದಕ್ಕೆ ನಿಲ್ಲುವ ಹೊತ್ತು. ಆಯತೀಗವ ಎಂದರೆ ಅವು ಮೇದು ಮನೆಗೆ ಮರಳುವ ಹೊತ್ತು. ಇವುಗಳ ಬೆನ್ನಿಗೇ ಬೇರೊಂದು ಶಬ್ದಪಂಕ್ತಿಯು ಕಾಣಬರುವದು. ಯವವನ್ನು ಕೊಯ್ಯುತ್ತಿರುವ ಕಾಲವು ಲೂಯಮಾನಯವ. ಕೊಯ್ದು ಮುಗಿದ ಕಾಲವು ಲೂನಯವ. ಕಣದಲ್ಲಿ ಯವವಿರುವ ಕಾಲವು ಖಲೇಯವ. ಕಣದಲ್ಲಿ ಹೊಟ್ಟು ಉಳಿದಿರುವ ಕಾಲವು ಖಲೇಬುಸ. ತೂರುತ್ತಿರುವ ಕಾಲವು ಪೂಯಮಾನಯವ. ತೂರಿ ಹಸನಾದ ಕಾಲವು ಪೂತಯವ. ರಾಶಿಯನ್ನು ಒಟ್ಟುಗೂಡಿಸಿದ ಕಾಲವು ಸಂಹೃತಯವ. ಘಳಿಗೆ ಬಟ್ಟಲಿಲ್ಲದ ಒಕ್ಕಲಿಗನಿಗೆ ಸುಗ್ಗಿಯ ಈ ಒಂದೊಂದು ಕೆಲಸವೂ ಒಂದೊಂದು ಕಾಲವಾಗಿದ್ದಿತೆಂಬುದಕ್ಕೆ ವ್ಯಾಕರಣಶಾಸ್ತ್ರಕ್ಕಿಂತ ಮಿಗಿಲಾದ ಸಾಕ್ಷಿಯು ಬೇಕಾಗಿಲ್ಲ.

ಈ ಕಾಲಗಳೆಲ್ಲವನ್ನೂ ಒಂದೇ ಗಾಡಿಯ ಹೊಟ್ಟೆಯಲ್ಲಿ ಅಡಗಿಸಿಕೊಂಡ ಯಂತ್ರವೊಂದು ಈಗ ಹೊಲಕ್ಕೆ ಬಂದಿರುವದು. ಜನರು ಅದನ್ನು ಕಂಬೈನೆಂದೂ ರಾಶಿಮಷಿನ್ನೆಂದೂ ಕರೆಯುವರು. ಅದು ಮುಂದಿನಿಂದ ನಿಂತ ಪೈರನ್ನು ನುಂಗಿ, ಹಿಂದಿನಿಂದ ಹುಲ್ಲನ್ನು ಕೆಡವಿ, ಪಕ್ಕದಿಂದ ಹಸನಾದ ಕಾಳನ್ನು ಸುರಿಯುವದು. ನೋಡುವವರಿಗೆ ಕೊಯ್ಲು, ಒಕ್ಕಣೆ, ತೂರುವಿಕೆಗಳು ಒಮ್ಮೆಲೇ ನಡೆದಂತೆ ತೋರುತ್ತದೆ. ಆಲಂಕಾರಿಕರು ಇಂಥ ಯೌಗಪದ್ಯಕ್ಕೆ ಖಲೇಕಪೋತನ್ಯಾಯವೆಂಬ ಹೆಸರನ್ನು ಕಣದಿಂದಲೇ ತೆಗೆದುಕೊಂಡಿದ್ದಾರೆ. ಮುದಿ ಪಾರಿವಾಳ, ಹರೆಯದ ಪಾರಿವಾಳ, ಮರಿ ಪಾರಿವಾಳಗಳೆಲ್ಲ ಕಣದ ಮೇಲೆ ಒಟ್ಟಿಗೆ ಎರಗುವಂತೆ ಎಂಬುದು ಅದರ ತಾತ್ಪರ್ಯ. ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಸಮುಚ್ಚಯಾಲಂಕಾರವನ್ನು ವಿವರಿಸುವಾಗ ಇದನ್ನೇ ಆಶ್ರಯಿಸಿರುವನು. ಆದರೆ ಶಾಸ್ತ್ರದಲ್ಲಿ ಇನ್ನೊಂದು ನ್ಯಾಯವೂ ಪ್ರಸಿದ್ಧವಾಗಿದೆ, ಅದು ಉತ್ಪಲಪತ್ರಶತಭೇದನ್ಯಾಯ. ನೂರು ನೈದಿಲೆಯ ಎಸಳುಗಳನ್ನು ಒಂದರ ಮೇಲೊಂದು ಇಟ್ಟು ಸೂಜಿಯಿಂದ ಚುಚ್ಚಿದರೆ ಎಲ್ಲವೂ ಒಮ್ಮೆಲೇ ತೂತಾದಂತೆ ಕಂಡರೂ, ನಿಜವಾಗಿ ಮೊದಲನೆಯದು ಮೊದಲು, ನೂರನೆಯದು ಕಡೆಗೆ ಭೇದಿಸಲ್ಪಡುವದು. ಕ್ರಮವಿದೆ, ಅದು ಕಣ್ಣಿಗೆ ಕಾಣದಷ್ಟು ಶೀಘ್ರವಾಗಿದೆ, ಅಷ್ಟೇ. ಕೊಯ್ಲುಯಂತ್ರಕ್ಕೆ ಒಪ್ಪುವ ನ್ಯಾಯವು ಈ ಎರಡನೆಯದೇ. ಅದರ ಚರಿತ್ರೆಯೂ, ಹಳೆಯ ಯಂತ್ರವನ್ನು ಆರಿಸಿಕೊಳ್ಳುವ ವಿವೇಕವೂ, ಅದನ್ನು ಹದಗೊಳಿಸುವ ವಿಧಾನವೂ ಈ ಅಡಗಿದ ಕ್ರಮವನ್ನು ಬಿಡಿಸಿ ನೋಡುವದರಲ್ಲಿಯೇ ನಿಂತಿರುತ್ತವೆ.

೧. ವಿಜಯಪುರ ಸೀಮೆಯ ಕಣ

ವಿಜಯಪುರದ ಗಾಂಧಿ ಚೌಕದಿಂದ ಪಶ್ಚಿಮಕ್ಕೆ ಅಥಣಿಯ ದಾರಿ ಹಿಡಿದರೆ ಟಿಕೋಟವೂ, ನೈರುತ್ಯಕ್ಕೆ ಜಮಖಂಡಿಯ ದಾರಿ ಹಿಡಿದರೆ ಬಬಲೇಶ್ವರವೂ ಸಿಕ್ಕುವವು. ಈ ಊರುಗಳ ಸುತ್ತಿನ ಎರೆಯ ಭೂಮಿಯೂ ಡೋಣಿ ಹೊಳೆಯ ಬಯಲೂ ಹಿಂಗಾರಿಯ ಬೆಳೆಗೆ ಹೆಸರಾದವು. ಬಿಳಿಜೋಳ, ಗೋದಿ, ಕಡಲೆ, ಕುಸುಬೆಗಳು ಇಲ್ಲಿಯ ಮುಖ್ಯ ಪೈರುಗಳು. ಕೌಟಿಲ್ಯನು ಸೀತಾಧ್ಯಕ್ಷ ಪ್ರಕರಣದಲ್ಲಿ ಹಿಂದೆ ಬಿತ್ತತಕ್ಕ ಧಾನ್ಯಗಳೆಂದು ಎಣಿಸಿದವುಗಳಲ್ಲಿ ಕುಸುಂಭ, ಯವ, ಗೋಧೂಮಗಳು ಸೇರಿರುವದು ಇಲ್ಲಿ ಸ್ಮರಣೀಯವಾಗಿದೆ. ೧೯೩೦ರ ದಶಕದಲ್ಲಿ ಒಣಬೇಸಾಯದ ಶೋಧನೆಗಾಗಿ ಸೋಲಾಪುರ, ಹಗರಿ, ರಾಯಚೂರು, ರೋಹತಕಗಳ ಜೊತೆಗೆ ಈ ಊರನ್ನೂ ಆರಿಸಿದ್ದು ಇಲ್ಲಿಯ ಮಳೆಯ ಅಭಾವವನ್ನೂ ಮಣ್ಣಿನ ಗುಣವನ್ನೂ ಕಂಡೇ. ಆಗ ವಿಜಾಪುರವೆಂದು ಪ್ರಸಿದ್ಧವಾಗಿದ್ದ ನಗರವು ೨೦೧೪ರ ನವೆಂಬರ ೧ರಿಂದ ಸರಕಾರಿ ಕಾಗದಪತ್ರಗಳಲ್ಲಿ ವಿಜಯಪುರವಾಯಿತು.

ಈ ಸೀಮೆಯ ಕಣವು ಒಂದು ಶಾಲೆಯಂತಿದ್ದಿತು. ನೆಲವನ್ನು ಕೆತ್ತಿ, ನೀರು ಹೊಡೆದು, ತುಳಿದು, ಸಗಣಿಯಿಂದ ಸಾರಿಸಿ ಕನ್ನಡಿಯಂತೆ ಮಾಡಿದ ಮೇಲೆ ನಡುವೆ ಮೇಟಿಯನ್ನು ನೆಡುತ್ತಿದ್ದರು. ಇದೇ ಸಂಸ್ಕೃತದ ಮೇಧಿ. ಕಣದಲ್ಲಿ ದನಗಳನ್ನು ಕಟ್ಟಲು ನೆಟ್ಟ ಮರವೆಂದು ಅಮರಸಿಂಹನು ವೈಶ್ಯವರ್ಗದಲ್ಲಿ ಅದನ್ನು ನಿರೂಪಿಸಿದ್ದಾನೆ. ಕೃಷಿಪರಾಶರವೆಂಬ ಗ್ರಂಥವು ಮೇಧಿಯನ್ನು ನೆಡುವ ವಿಧಿಗೇ ಪ್ರತ್ಯೇಕ ಪ್ರಕರಣವನ್ನು ಮೀಸಲಾಗಿರಿಸಿದೆ. ಸರ್ವಜ್ಞನು ಒಕ್ಕಲುತನಕ್ಕೆ ಮೇಟಿವಿದ್ಯೆಯೆಂಬ ಹೆಸರನ್ನಿತ್ತುದು ಕನ್ನಡಿಗರೆಲ್ಲರಿಗೂ ತಿಳಿದ ಮಾತು. ಮೇಟಿಗೆ ಕಟ್ಟಿದ ಎತ್ತುಗಳ ಸಾಲೇ ಹಂತಿ. ಆ ಸಾಲಿನ ಹಿಂದೆ ರಾತ್ರಿಯೆಲ್ಲ ಹಾಡಿದ ಹಂತಿಯ ಹಾಡುಗಳು ಉತ್ತರ ಕರ್ನಾಟಕದ ಜಾನಪದ ಸಾಹಿತ್ಯದ ದೊಡ್ಡದೊಂದು ಶಾಖೆ. ಮುಂದೆ ಕಲ್ಲಿನ ಗುಂಡು ಬಂದಿತು. ಆದರೂ ಎತ್ತು ತಪ್ಪಲಿಲ್ಲ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯ ಸಂಗಡ ತೊರವಿಯಲ್ಲಿ ಕೂಡುವ ದನದ ಪೇಟೆಯಲ್ಲಿ ಖಿಲಾರಿ ಹೋರಿಗಳ ವ್ಯಾಪಾರವು ಸುಗ್ಗಿಯ ಮುಂಗಡೆಯೇ ನಡೆಯುತ್ತಿದ್ದುದು ಈ ಸೀಮೆಯವರಿಗೆ ಅನುಕೂಲವೇ ಆಗಿದ್ದಿತು.

ಹಂತಿಯನ್ನು ಹೊಡೆಯುವವನು ತೆನೆಯು ಎಷ್ಟು ಒಣಗಿದೆಯೆಂಬುದನ್ನು ಅಂಗೈಯಲ್ಲಿ ತಿಕ್ಕಿ ನೋಡುತ್ತಿದ್ದನು. ಹಸಿಯಿದ್ದರೆ ಕಾಳು ಬಿಡದು. ಅತಿಯಾಗಿ ತುಳಿಸಿದರೆ ಕಾಳು ಒಡೆಯುವದು. ತೂರುವವನು ಗಾಳಿಯ ಬಲವನ್ನರಿತು ಮೊರವನ್ನು ಎತ್ತರಿಸುವನು ಇಲ್ಲವೆ ತಗ್ಗಿಸುವನು. ಗಾಳಿ ಹೆಚ್ಚಾದರೆ ಕಾಳೇ ಹೊಟ್ಟಿನೊಡನೆ ಹಾರಿಹೋಗುವದು; ಕಡಿಮೆಯಾದರೆ ಹೊಟ್ಟು ಕಾಳಿನಲ್ಲಿ ಉಳಿಯುವದು. ಇಷ್ಟರಲ್ಲಿ ಕೊಯ್ಲುಯಂತ್ರದ ಶಾಸ್ತ್ರವೆಲ್ಲವೂ ಬೀಜರೂಪವಾಗಿ ಇದ್ದೇ ಇದೆ.

೨. ಯಂತ್ರವು ಹುಟ್ಟಿದ ಕ್ರಮ

ಹೊಲದಲ್ಲಿ ಮೊದಲು ಕೊಯ್ಲು, ಬಳಿಕ ಒಕ್ಕಣೆ, ಕಡೆಗೆ ತೂರುವಿಕೆ. ಯಂತ್ರಗಳಾದರೋ ಇದಕ್ಕೆ ವಿಲೋಮವಾಗಿ ಹುಟ್ಟಿದವು. ತಿರುಗುವ ರೆಕ್ಕೆಗಳಿಂದ ಗಾಳಿಯನ್ನು ಹುಟ್ಟಿಸಿ ಕಾಳನ್ನು ಹಸನುಮಾಡುವ ಪೆಟ್ಟಿಗೆಯು ಚೀನದಲ್ಲಿ ಹಾನ್ ವಂಶದ ಕಾಲಕ್ಕೇ ಇದ್ದಿತು. ಅದು ಡಚ್ಚರ ನಾಡಿನಿಂದ ಸ್ಕಾಟ್ಲಂಡಕ್ಕೆ ೧೭೧೦ರ ಸುಮಾರಿಗೆ ಬಂದುದು ಜೇಮ್ಸ್ ಮೀಕಲನ ಮೂಲಕ. ಅವನ ಮಗನಾದ ಆಂಡ್ರೂ ಮೀಕಲನು ೧೭೮೬ರಲ್ಲಿ ಉರುಳೆಯನ್ನು ತಿರುಗಿಸಿ ಒಕ್ಕುವ ಯಂತ್ರವನ್ನು ರಚಿಸಿದನು. ತಂದೆಯದು ಪವನ, ಮಗನದು ಒಕ್ಕಣೆ. ಲವನವು ಎಲ್ಲಕ್ಕೂ ಹಿಂದೆ ಉಳಿಯಿತು: ಸ್ಕಾಟ್ಲಂಡದ ಪ್ಯಾಟ್ರಿಕ್ ಬೆಲ್ಲನ ಕೊಯ್ಲುಗಾಡಿಯು ೧೮೨೮ರಲ್ಲಿಯೂ, ಅಮೇರಿಕದ ಸೈರಸ್ ಮೆಕಾರ್ಮಿಕನದು ೧೮೩೧ರಲ್ಲಿಯೂ ಹೊಲಕ್ಕೆ ಇಳಿದವು.

ಈ ವಿಲೋಮಕ್ಕೆ ಕಾರಣವು ಸ್ಪಷ್ಟವಾಗಿಯೇ ಇದೆ. ತೂರುವದಕ್ಕೂ ಒಕ್ಕುವದಕ್ಕೂ ಬೆಳೆಯು ಯಂತ್ರವಿದ್ದಲ್ಲಿಗೆ ಬರುವದು. ಒಂದೆಡೆ ನಿಂತ ಯಂತ್ರವನ್ನು ನೀರಿನ ಗಾಲಿಯಾಗಲಿ ಗಾಣದ ಕುದುರೆಯಾಗಲಿ ತಿರುಗಿಸಬಹುದು. ಕೊಯ್ಯುವದಕ್ಕೆ ಯಂತ್ರವೇ ಬೆಳೆಯಿದ್ದಲ್ಲಿಗೆ ಹೋಗಬೇಕು; ಹಳ್ಳದಿಣ್ಣೆಗಳ ಮೇಲೆ ಉರುಳುತ್ತಲೇ ಕತ್ತರಿಸಬೇಕು. ಆದುದರಿಂದಲೇ ಅತಿ ಸುಲಭವೆಂದು ತೋರುವ ಕುಡುಗೋಲಿನ ಕೆಲಸವು ಕಬ್ಬಿಣಕ್ಕೆ ಅತಿ ಕಠಿಣವಾಯಿತು.

ಯಂತ್ರದ ಆಗಮವು ಎಲ್ಲೆಡೆಯೂ ಶಾಂತವಾಗಿ ನಡೆಯಲಿಲ್ಲ. ೧೮೩೦ರಲ್ಲಿ ಇಂಗ್ಲಂಡದ ದಕ್ಷಿಣ ಜಿಲ್ಲೆಗಳ ಕೂಲಿಕಾರರು ಒಕ್ಕುವ ಯಂತ್ರಗಳನ್ನು ಗುಂಪುಗೂಡಿ ಒಡೆದುಹಾಕಿದರು. ಚಳಿಗಾಲದಲ್ಲಿ ಕೈಯಿಂದ ಒಕ್ಕುವ ಕೆಲಸವೇ ಅವರಿಗೆ ಅನ್ನದ ದಾರಿಯಾಗಿದ್ದಿತು. ನಮ್ಮ ಸೀಮೆಗೆ ಹತ್ತಿರದ ಬೆಳಗಾವಿಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಲಕ್ಷ್ಮಣರಾವ ಕಿರ್ಲೋಸ್ಕರರು ಕಬ್ಬಿಣದ ನೇಗಿಲನ್ನು ಮಾಡಿದಾಗ ಅದು ಮಣ್ಣನ್ನು ಕೆಡಿಸುವದೆಂಬ ಶಂಕೆಯಿಂದ ರೈತರು ಬಹುಕಾಲ ಅದನ್ನು ಕೊಳ್ಳಲಿಲ್ಲ. ೧೯೧೦ರಲ್ಲಿ ಕಿರ್ಲೋಸ್ಕರವಾಡಿಯು ಸ್ಥಾಪಿತವಾದ ಬಳಿಕ ಅದೇ ನೇಗಿಲು ದಖ್ಖನದ ಎರೆಹೊಲಗಳಿಗೆಲ್ಲ ಹಬ್ಬಿತು.

ಮೂರು ಕೆಲಸಗಳನ್ನು ಒಂದೇ ಗಾಡಿಯಲ್ಲಿ ಕೂಡಿಸಿದ ಮೊದಲಿಗರಲ್ಲಿ ಅಮೇರಿಕದ ಮಿಶಿಗನ್ ಪ್ರಾಂತದ ಹೈರಮ್ ಮೂರನು ಅಗ್ರಗಣ್ಯನು. ೧೮೩೬ರಲ್ಲಿ ಅವನಿಗೂ ಅವನ ಜೊತೆಗಾರನಾದ ಹ್ಯಾಸ್ಕಲನಿಗೂ ಇದರ ಹಕ್ಕುಪತ್ರವು ದೊರೆಯಿತು. ಮಿಶಿಗನ್ನಿನ ತೇವದ ಹವೆಯಲ್ಲಿ ನಿಂತ ಪೈರು ಸಾಕಷ್ಟು ಒಣಗದ್ದರಿಂದ ಅಲ್ಲಿ ಯಂತ್ರವು ನೆಲೆಗೊಳ್ಳಲಿಲ್ಲ. ೧೮೫೪ರಲ್ಲಿ ಅಂಥದೊಂದನ್ನು ಹಡಗಿನಲ್ಲಿ ಕ್ಯಾಲಿಫೋರ್ನಿಯಕ್ಕೆ ಸಾಗಿಸಿದರು. ಬೇಸಿಗೆಯಲ್ಲಿ ಮಳೆಯಿಲ್ಲದ ಆ ನಾಡಿನಲ್ಲಿಯೇ ಮುಂದೆ ಈ ಜಾತಿಯ ಯಂತ್ರಗಳು ಬೆಳೆದವು. ಕಣದಲ್ಲಿ ಹರವಿ ಒಣಗಿಸುವ ದಿನಗಳನ್ನು ತೆಗೆದುಹಾಕಿದ ಮೇಲೆ ಆ ಒಣಗುವಿಕೆಯು ನಿಂತ ಪೈರಿನಲ್ಲಿಯೇ ಆಗಿರಬೇಕೆಂಬ ನಿಯಮವು ಅಂದಿನಿಂದ ಇಂದಿನ ವರೆಗೆ ಬದಲಾಗಿಲ್ಲ. ಮಾಘ ಫಾಲ್ಗುಣಗಳ ಒಣಬಿಸಿಲುಳ್ಳ ವಿಜಯಪುರ ಸೀಮೆಯು ಈ ದೃಷ್ಟಿಯಿಂದ ಮಿಶಿಗನ್ನಿಗಿಂತ ಕ್ಯಾಲಿಫೋರ್ನಿಯಕ್ಕೇ ಸಮೀಪವಾಗಿದೆ.

ಅನಂತರದ ಘಟ್ಟಗಳನ್ನು ಸಂಕ್ಷೇಪವಾಗಿ ಹೇಳಬಹುದು. ಆಸ್ಟ್ರೇಲಿಯದಲ್ಲಿ ೧೮೮೫ರ ಸುಮಾರಿಗೆ ಹ್ಯೂ ವಿಕ್ಟರ್ ಮಕೇಯು ತೆನೆಯನ್ನು ಮಾತ್ರ ಬಾಚಿ ಒಕ್ಕಿ ಹಸನುಮಾಡುವ ಸನ್‌ಶೈನ್ ಯಂತ್ರವನ್ನು ಹೊರಡಿಸಿದನು. ೧೯೩೬ರಲ್ಲಿ ಜರ್ಮನಿಯ ಕ್ಲಾಸ್ ಕಂಪನಿಯು ಯುರೋಪದ ಬೆಳೆಗಳಿಗೆ ತಕ್ಕ ಯಂತ್ರವನ್ನು ಮಾರಾಟಕ್ಕೆ ತಂದಿತು. ೧೯೩೮ರಲ್ಲಿ ಕೆನಡದ ಮ್ಯಾಸಿ ಹ್ಯಾರಿಸ್ ಕಂಪನಿಯು ಎಳೆಯುವ ಕುದುರೆ ಟ್ರ್ಯಾಕ್ಟರುಗಳ ಹಂಗಿಲ್ಲದೆ ತಾನೇ ನಡೆಯುವ ಯಂತ್ರವನ್ನು ಸಿದ್ಧಪಡಿಸಿತು. ೧೯೪೪ರ ಯುದ್ಧಕಾಲದಲ್ಲಿ ಇಂಥ ೫೦೦ ಯಂತ್ರಗಳ ದಂಡು ಅಮೇರಿಕದ ದಕ್ಷಿಣದಿಂದ ಉತ್ತರಕ್ಕೆ ಮಾಗುತ್ತಹೋದ ಗೋದಿಯನ್ನು ಬೆನ್ನಟ್ಟಿ ಕೊಯ್ದಿತು. ಭಾರತದಲ್ಲಿ ಪಂಜಾಬ ಟ್ರ್ಯಾಕ್ಟರ್ಸ್ ಸಂಸ್ಥೆಯು ೧೯೮೦ರಲ್ಲಿ ಸ್ವರಾಜ ೮೧೦೦ ಎಂಬ ಸ್ವಯಂಚಾಲಿತ ಕಂಬೈನನ್ನು ಹೊರತಂದಿತು. ಪಂಜಾಬದ ನಾಭಾ, ಭಾದಸೋಂ ಮೊದಲಾದ ಊರುಗಳು ಈ ಯಂತ್ರಗಳ ಕಮ್ಮಟಗಳಾದವು. ಅಲ್ಲಿಯ ಯಂತ್ರಗಳೇ ಚಾಲಕರ ಸಮೇತ ದಕ್ಷಿಣಕ್ಕೆ ಬರುವವು. ಇಲ್ಲಿ ಹಿಂಗಾರಿಯು ಫೆಬ್ರುವರಿ ಮಾರ್ಚಿಗೆ ಮಾಗುವದು, ಪಂಜಾಬದ ಗೋದಿಯು ಏಪ್ರಿಲಿಗೆ. ಈ ಅಂತರವೇ ಅವರ ಸಂಚಾರಕ್ಕೆ ಅವಕಾಶ. ೨೦೧೪ರಿಂದ ಈಚೆಗೆ ಕರ್ನಾಟಕ ಸರಕಾರದ ಕೃಷಿ ಯಂತ್ರಧಾರೆ ಕೇಂದ್ರಗಳು ಬಾಡಿಗೆಗೆ ಯಂತ್ರ ಕೊಡುವ ಪದ್ಧತಿಯನ್ನು ಹೋಬಳಿಗಳಿಗೆ ಮುಟ್ಟಿಸಿದವು.

೩. ಹಳೆಯ ಯಂತ್ರವೆಂದರೆ ಯಾವುದು

ಹೊಸ ಕಂಬೈನನ್ನು ಕೊಳ್ಳುವ ಶಕ್ತಿಯು ಹತ್ತಿಪ್ಪತ್ತು ಎಕರೆಯ ರೈತನಿಗಿಲ್ಲ. ನಾಲ್ಕಾರು ಮನೆಯವರು ಕೂಡಿ ಹಳೆಯದೊಂದನ್ನು ತರುವದು, ಅಥವಾ ಹಳೆಯ ಯಂತ್ರವನ್ನು ಬಾಡಿಗೆಗೆ ಹಿಡಿಯುವದು ಎಂಬಿಷ್ಟೇ ದಾರಿಗಳು. ಇಲ್ಲಿ ಹಳೆಯದೆಂಬುದಕ್ಕೆ ಎರಡು ಅರ್ಥಗಳುಂಟು: ಸವೆದದ್ದು ಒಂದು, ಪೂರ್ವಕ್ರಮದಲ್ಲಿ ರಚಿತವಾದದ್ದು ಇನ್ನೊಂದು. ೧೯೭೫ರಲ್ಲಿ ನ್ಯೂ ಹಾಲೆಂಡ್ ಕಂಪನಿಯೂ ೧೯೭೭ರಲ್ಲಿ ಇಂಟರ್‌ನ್ಯಾಶನಲ್ ಹಾರ್ವೆಸ್ಟರ್ ಕಂಪನಿಯೂ ಉದ್ದವಾದ ತಿರುಗುಗಡಗಿಯಲ್ಲಿ ಒಕ್ಕಣೆಯನ್ನೂ ಹುಲ್ಲುಕಾಳುಗಳ ಬೇರ್ಪಡಿಕೆಯನ್ನೂ ಒಟ್ಟಿಗೆ ಮಾಡುವ ಹೊಸ ಕ್ರಮವನ್ನು ತಂದವು. ಪೂರ್ವಕ್ರಮದ ಯಂತ್ರದಲ್ಲಿಯಾದರೆ ಅಡ್ಡಲಾಗಿ ಕೂಡಿಸಿದ ಉರುಳೆಯು ಒಕ್ಕುವದು, ಅದರ ಹಿಂದಿನ ಮೆಟ್ಟಿಲು ಮೆಟ್ಟಿಲಾದ ಕುಲುಕುಹಲಗೆಗಳು ಹುಲ್ಲನ್ನು ಜಾಡಿಸುವವು, ಕೆಳಗಿನ ಜರಡಿಗಳೂ ಬೀಸಣಿಗೆಯೂ ಹೊಟ್ಟನ್ನು ಕಳೆಯುವವು. ಒಂದೊಂದು ಕೆಲಸಕ್ಕೆ ಒಂದೊಂದು ಅಂಗ; ದೋಷವು ಎಲ್ಲಿಯದೆಂಬುದನ್ನು ಬಿಡಿಸಿ ಕಾಣಬಹುದು, ಊರಿನ ಕಮ್ಮಾರನೂ ಕೈಯಿಕ್ಕಬಹುದು. ಗೋದಿಯಂಥ ಸಣ್ಣ ಕಾಳಿಗೆ, ಹುಲ್ಲನ್ನು ಪುಡಿಮಾಡದೆ ಉಳಿಸಿಕೊಳ್ಳಬೇಕೆಂಬ ರೈತನಿಗೆ, ಸವೆಯದಿರುವ ಪೂರ್ವಕ್ರಮದ ಯಂತ್ರವು ಇಂದಿಗೂ ತಕ್ಕುದೇ ಆಗಿದೆ.

ಸವೆತವನ್ನು ಪರೀಕ್ಷಿಸುವ ಲಕ್ಷಣಗಳನ್ನು ಪರಂಪರೆಯ ಎತ್ತಿನ ಪರೀಕ್ಷೆಯಂತೆಯೇ ಬಾಯಿ, ಹೊಟ್ಟೆ, ಕಾಲುಗಳೆಂದು ಎಣಿಸಬಹುದು. ಬಣ್ಣವನ್ನು ನೋಡಿ ಕೊಂಡವನು ಮೋಸಹೋಗುವನು. ಎಂಜಿನ್ನನ್ನು ನಿಲ್ಲಿಸಿ ಕೀಲಿಯನ್ನು ಕೈಯಲ್ಲಿ ಹಿಡಿದ ಮೇಲೆಯೇ ಒಳಗೆ ಕೈಯಿಡತಕ್ಕದ್ದು. ಧೋತರದ ಸೆರಗು, ಶಾಲು, ಸೀರೆಯ ಅಂಚುಗಳು ತಿರುಗುವ ಪಟ್ಟೆಗಳ ಸಮೀಪಕ್ಕೆ ಸುಳಿಯಬಾರದು. ಮೊದಲು ಕತ್ತರಿಪಟ್ಟಿಯ ಅಲಗುಗಳೂ ಬೆರಳುಗಳೂ ನೆಟ್ಟಗಿರಬೇಕು. ಉರುಳೆಯನ್ನು ಕೈಯಿಂದ ತಿರುಗಿಸಿದರೆ ಸದ್ದಿಲ್ಲದೆ ತಿರುಗಬೇಕು. ಅದರ ಮೇಲಣ ಗೀರುಪಟ್ಟಿಗಳ ಗೀರುಗಳು ಬೆರಳಿಗೆ ತಾಕಬೇಕು. ಗೀರು ಸವೆದು ನುಣುಪಾಗಿದ್ದರೆ ಉರುಳೆಯು ತೆನೆಯನ್ನು ಉಜ್ಜುವದಿಲ್ಲ. ಪಟ್ಟಿಯನ್ನು ಬದಲಿಸುವಾಗ ಎದುರುಬದುರಿನ ಜೋಡಿಯನ್ನೇ ಬದಲಿಸಬೇಕು. ಒಂದನ್ನೇ ಬದಲಿಸಿದರೆ ತೂಕವು ತಪ್ಪಿ ಉರುಳೆಯು ನಡುಗುವದು. ಉರುಳೆಯ ಕೆಳಗಿನ ಬಾಗುಜಾಲರಿಯು ಕಲ್ಲು ಬಡಿದು ನಡುವೆ ಜಗ್ಗಿದ್ದರೆ ಅಂಥ ಯಂತ್ರವನ್ನು ಯಾವ ತಿರುಪೂ ಹದಕ್ಕೆ ತರಲಾರದು. ಜರಡಿಯ ಹಲ್ಲುಗಳು, ಕುಲುಕುಹಲಗೆಗಳ ಬೇರಿಂಗುಗಳು, ಕಾಳನ್ನು ಮೇಲಕ್ಕೊಯ್ಯುವ ಸರಪಳಿ, ಇವೆಲ್ಲವನ್ನೂ ನೋಡಿದ ಮೇಲೆ ಬರಿಯ ಯಂತ್ರವನ್ನು ನಡೆಯಿಸಿ ಕಿವಿಗೊಟ್ಟು ಕೇಳಬೇಕು. ಕೆಸರುಗದ್ದೆಯ ಭತ್ತವನ್ನು ಕೊಯ್ದ ಯಂತ್ರವು ಒಣಹೊಲದ ಗೋದಿಯನ್ನು ಕೊಯ್ದುದಕ್ಕಿಂತ ಅದೇ ವಯಸ್ಸಿನಲ್ಲಿ ಹೆಚ್ಚು ತುಕ್ಕುಹಿಡಿದಿರುವದು ಸಹಜ. ಮೊಳೆಹಲ್ಲಿನ ಉರುಳೆಯು ಭತ್ತಕ್ಕೂ ಗೀರುಪಟ್ಟಿಯ ಉರುಳೆಯು ಗೋದಿಗೂ ಹೆಚ್ಚು ಹೊಂದುವವು. ಕಡೆಯದಾಗಿ, ಬಿಡಿಭಾಗಗಳು ಹತ್ತಿರದ ಪೇಟೆಯಲ್ಲಿ ಸಿಗದ ಯಂತ್ರವು ಅಗ್ಗವಾಗಿ ಸಿಕ್ಕರೂ ತುಟ್ಟಿಯೇ; ಸುಗ್ಗಿಯ ಹದಿನೈದು ದಿನಗಳಲ್ಲಿ ನಾಲ್ಕು ದಿನ ನಿಂತರೆ ಬೆಳೆಯು ಉದುರಿಹೋಗುವದು.

೪. ಹದಗೊಳಿಸುವ ಕ್ರಮ

ಧಾತುಪಾಠದ ಕ್ರ್ಯಾದಿಗಣದಲ್ಲಿ ಪವನಾರ್ಥದ ಪೂಞ್ ಧಾತುವೂ ಛೇದನಾರ್ಥದ ಲೂಞ್ ಧಾತುವೂ ಪಕ್ಕಪಕ್ಕದಲ್ಲಿಯೇ ಇರುವವು. ಲೂ ಧಾತುವಿನಿಂದ ಕುಡುಗೋಲಿಗೆ ಲವಿತ್ರವೆಂದೂ, ಧೂ ಧಾತುವಿನಿಂದ ಬೀಸಣಿಗೆಗೆ ಧವಿತ್ರವೆಂದೂ ಒಂದೇ ಸೂತ್ರವು ರೂಪಸಿದ್ಧಿಯನ್ನು ಹೇಳುತ್ತದೆ. ಕಂಬೈನಿನ ಮುಂಭಾಗದ ಕತ್ತರಿಪಟ್ಟಿಯಿಂದ ಹಿಂಭಾಗದ ಬೀಸಣಿಗೆಯ ವರೆಗೆ ಹದಗೊಳಿಸುವವನು ಈ ಲವಿತ್ರಧವಿತ್ರಗಳ ನಡುವಣ ಹಾದಿಯನ್ನು ಕಾಳಿನೊಡನೆ ನಡೆಯಬೇಕು.

ಮೊದಲನೆಯದು ಲವನ. ಪೈರನ್ನು ಕತ್ತರಿಗೆ ಬಾಗಿಸುವ ತಿರುಗುಹಲಗೆಯ ಅಂಚಿನ ವೇಗವು ಯಂತ್ರದ ನಡಿಗೆಗಿಂತ ತುಸುವೇ, ಎಂದರೆ ಒಂದಕ್ಕೆ ಒಂದೂಕಾಲರ ಒಳಗೆ, ಹೆಚ್ಚಾಗಿರಬೇಕು. ಅತಿವೇಗವಾದರೆ ಅದು ತೆನೆಯನ್ನು ಬಡಿದು ನೆಲಕ್ಕೆ ಉದುರಿಸುವದು. ನಿಧಾನವಾದರೆ ಪೈರು ಮುಂದಕ್ಕೆ ಬಾಗಿ ಬೀಳುವದು.

ಎರಡನೆಯದು ಒಕ್ಕಣೆ. ೬೦ ಸೆಂಟಿಮೀಟರ ಅಡ್ಡಳತೆಯ ಉರುಳೆಯ ಸುತ್ತಳತೆಯು ಸುಮಾರು ೧.೮೮ ಮೀಟರ. ಅದು ನಿಮಿಷಕ್ಕೆ ೯೦೦ ಸುತ್ತು ತಿರುಗಿದರೆ ಅಂಚಿನ ವೇಗವು ಸೆಕೆಂಡಿಗೆ ೨೮ ಮೀಟರ ಆಗುವದು. ಒಣಗೋದಿಗೆ ಇದು ಸಾಕು. ಕಡಲೆಗೆ ಇದರ ಅರ್ಧವೇ, ಎಂದರೆ ೪೫೦ ಸುತ್ತಿನ ಸುಮಾರು, ಆರಂಭಕ್ಕೆ ತಕ್ಕುದು. ಹೆಚ್ಚಾದರೆ ಕಡಲೆಯು ಬೇಳೆಯಾಗಿ ಬೀಳುವದು. ಉರುಳೆಗೂ ಬಾಗುಜಾಲರಿಗೂ ನಡುವಿನ ಸಂದು ಗೋದಿಗೆ ಮುಂದೆ ೧೨ ಮಿಲಿಮೀಟರ, ಹಿಂದೆ ೬ ಮಿಲಿಮೀಟರಗಳಿಂದ ಆರಂಭಿಸಬಹುದು. ಕಡಲೆಗೆ ಇದರ ಇಮ್ಮಡಿ. ಮುಂದೆ ಅಗಲ, ಹಿಂದೆ ಕಿರಿದು ಎಂಬುದೇ ನಿಯಮ. ಒಕ್ಕದ ತೆನೆಗಳು ಹಿಂದೆ ಬಿದ್ದರೆ ಮೊದಲು ಸಂದನ್ನು ತುಸು ಕಿರಿದುಮಾಡಬೇಕು, ಬಳಿಕ ವೇಗವನ್ನು ಮುಟ್ಟಬೇಕು. ಕಾಳು ಒಡೆದು ಬಂದರೆ ಮೊದಲು ವೇಗವನ್ನು ತಗ್ಗಿಸಬೇಕು. ಎರಡನ್ನೂ ಒಮ್ಮೆಲೇ ಬದಲಿಸಿದವನಿಗೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು. ಅನ್ವಯವ್ಯತಿರೇಕಗಳಿಂದ ಕಾರಣವನ್ನು ನಿಶ್ಚಯಿಸಬೇಕೆಂಬ ತಾರ್ಕಿಕರ ಮಾತು ಇಲ್ಲಿ ಅಕ್ಷರಶಃ ಸಲ್ಲುವದು.

ಮೂರನೆಯದು ಪವನ. ಜರಡಿಗೆ ಸಂಸ್ಕೃತದಲ್ಲಿ ತಿತಉ ಎಂಬ ವಿಚಿತ್ರವಾದ ಶಬ್ದವುಂಟು. ಪತಂಜಲಿಯು ಮಹಾಭಾಷ್ಯದ ಮೊದಲ ಆಹ್ನಿಕದಲ್ಲಿಯೇ ಇದನ್ನು ವಿವರಿಸಿರುವದನ್ನು ಪಂಡಿತರು ಬಲ್ಲರು. ಯಂತ್ರದ ತಿತಉವಿನಲ್ಲಿ ಮೇಲಣ ಜರಡಿಯನ್ನು ಅಗಲವಾಗಿಯೂ ಕೆಳಗಣದನ್ನು ಕಾಳು ಇಳಿಯುವಷ್ಟೇ ಕಿರಿದಾಗಿಯೂ ತೆರೆಯತಕ್ಕದ್ದು. ಬೀಸಣಿಗೆಯು ಹೊಟ್ಟನ್ನು ಜರಡಿಯ ಮೇಲೆ ತೇಲಿಸುವಷ್ಟು ಬೀಸಬೇಕು. ಒಕ್ಕದೆ ಉಳಿದ ತುಣುಕುಗಳನ್ನು ಮರಳಿ ಉರುಳೆಗೆ ಒಯ್ಯುವ ಸಣ್ಣ ಏತವೊಂದು ಇರುತ್ತದೆ. ಅದರಲ್ಲಿ ಹಸನಾದ ಕಾಳೇ ಬಹಳವಾಗಿ ತಿರುಗುತ್ತಿದ್ದರೆ ಕೆಳಗಿನ ಜರಡಿಯು ಅತಿಯಾಗಿ ಮುಚ್ಚಿದೆಯೆಂದು ತಿಳಿಯಬೇಕು. ಎರಡು ಸಲ ಉರುಳೆಗೆ ಸಿಕ್ಕ ಕಾಳು ಒಡೆಯದೆ ಇರಲಾರದು.

ಇಷ್ಟನ್ನು ಮಾಡಿದ ಮೇಲೆ ಪರೀಕ್ಷೆ. ಗೋದಿಯ ಸಾವಿರ ಕಾಳು ಸುಮಾರು ೪೦ ಗ್ರಾಂ ತೂಗುವವು. ಹೊಲದ ಒಂದು ಚದರ ಮೀಟರಿನಲ್ಲಿ ೨೫ ಕಾಳು ಬಿದ್ದರೆ ಒಂದು ಗ್ರಾಂ. ಎಕರೆಗೆ ನಾಲ್ಕು ಕಿಲೋ ನಷ್ಟ. ಎಕರೆಗೆ ಎಂಟು ಕ್ವಿಂಟಲ ಬೆಳೆಯುವ ಹೊಲದಲ್ಲಿ ಚದರ ಮೀಟರಿಗೆ ೫೦ ಕಾಳೆಂದರೆ ನೂರಕ್ಕೆ ಒಂದಂಶ. ಯಂತ್ರವು ಬರುವ ಮುನ್ನವೇ ಉದುರಿದ ಕಾಳನ್ನು ನಿಂತ ಪೈರಿನಲ್ಲಿ ಎಣಿಸಿ ಕಳೆಯಬೇಕು. ಯಂತ್ರವನ್ನು ನಿಲ್ಲಿಸಿ ಕೆಲವು ಮೀಟರ ಹಿಂದಕ್ಕೆ ತಂದು, ಕತ್ತರಿಪಟ್ಟಿಯು ದಾಟಿದ್ದು ಆದರೆ ಹುಲ್ಲು ಇನ್ನೂ ಬೀಳದ ಜಾಗದಲ್ಲಿ ಎಣಿಸಿದರೆ ಅದು ಲವನದೋಷ. ಹಿಂದೆ ಬಿದ್ದ ಹುಲ್ಲಿನಲ್ಲಿ ತೆನೆಗೆ ಅಂಟಿಯೇ ಇರುವ ಕಾಳು ಒಕ್ಕಣೆಯ ದೋಷ; ಹುಲ್ಲಿನ ನಡುವಿನ ಬಿಡಿಕಾಳು ಕುಲುಕುವಿಕೆಯ ದೋಷ; ಹೊಟ್ಟಿನ ನಡುವಿನ ಬಿಡಿಕಾಳು ಪವನದೋಷ. ನಾಲ್ಕು ಮೀಟರ ಅಗಲ ಕೊಯ್ದ ಪೈರಿನ ಹೊಟ್ಟು ಒಂದೂಕಾಲು ಮೀಟರ ಅಗಲದಲ್ಲಿ ಬೀಳುವದರಿಂದ, ಅಲ್ಲಿ ಎಣಿಸಿದ ಸಂಖ್ಯೆಯನ್ನು ೩.೨ರಿಂದ ಭಾಗಿಸಿ ಹೊಲಕ್ಕೆ ಹರವಬೇಕು. ಲೂನಯವ, ಖಲೇಯವ, ಖಲೇಬುಸ, ಪೂತಯವಗಳೆಂದು ಗಣಪಾಠವು ಬಿಡಿಸಿಟ್ಟ ಕಾಲಗಳು ಇಲ್ಲಿ ದೋಷವನ್ನು ಹಿಡಿಯುವ ಸ್ಥಾನಗಳಾಗಿ ಪರಿಣಮಿಸುವದು ಗಮನಾರ್ಹವಾಗಿದೆ.

೫. ಯಂತ್ರಕ್ಕೆ ಒಗ್ಗುವದೂ ಒಗ್ಗದುದೂ

ಎಲ್ಲ ಪೈರೂ ಕಂಬೈನಿಗೆ ಬಾಯಿಗೊಡುವವೆಂದು ತಿಳಿಯಲಾಗದು. ೧೯೩೦ರ ದಶಕದಲ್ಲಿ ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ ಆ ಸೀಮೆಯ ಮಾಲದಂಡಿ ಜೋಳದಿಂದ ಆಯ್ದ ಎಂ ೩೫-೧ ತಳಿಯು ವಿಜಯಪುರದ ಎರೆಯಲ್ಲಿ ಮನೆಮಾಡಿತು. ಅದರ ದಂಟು ಆಳೆತ್ತರಕ್ಕೂ ಮಿಗಿಲು. ಅದರ ಕಣಿಕೆಯು ದನಗಳಿಗೆ ವರುಷದ ಮೇವು. ಯಂತ್ರವು ತೆನೆಯನ್ನಷ್ಟೇ ಕೊಂಡು ಕಣಿಕೆಯನ್ನು ತುಳಿದುಹೋದರೆ ರೈತನಿಗೆ ಅರ್ಧ ಫಲವೇ ನಷ್ಟವಾದಂತೆ. ಆದುದರಿಂದ ಜೋಳವನ್ನು ಕೈಯಿಂದ ಕಿತ್ತೋ ಕೊಯ್ದೋ, ತೆನೆಯನ್ನು ಮುರಿದು, ಒಕ್ಕುವ ಯಂತ್ರಕ್ಕೆ ಮಾತ್ರ ಕೊಡುವ ರೂಢಿಯು ನಿಂತಿರುವದು ವಿವೇಕವೇ. ಕಡಲೆಯ ಕಾಯಿಗಳು ನೆಲಕ್ಕೆ ಹತ್ತಿರವಾಗಿರುತ್ತಿದ್ದವು. ಎತ್ತರವಾಗಿ ನೆಟ್ಟಗೆ ಬೆಳೆಯುವ ಜಿಬಿಎಂ-೨ರಂಥ ತಳಿಗಳು ಬಂದ ಮೇಲೆ ಅದಕ್ಕೂ ಯಂತ್ರವು ಸಾಧ್ಯವಾಯಿತು. ಯಂತ್ರವನ್ನು ಬೆಳೆಗೆ ಹೊಂದಿಸುವದಲ್ಲದೆ ಬೆಳೆಯನ್ನೇ ಯಂತ್ರಕ್ಕೆ ಹೊಂದಿಸುವ ಈ ಪರಿಯು ಹೊಸದು. ಕುಸುಬೆಯ ಮುಳ್ಳಿಗೆ ಹೆದರಿ ಇಬ್ಬನಿಯಿರುವ ಬೆಳಗಿನಲ್ಲಿ ಕೊಯ್ಯುತ್ತಿದ್ದ ಕೂಲಿಗಳಿಗೆ ಗೋದಿಯ ಕಂಬೈನು ದೊಡ್ಡ ಉಪಕಾರವನ್ನೇ ಮಾಡಿದೆ. ಆದರೆ ಕುಸುಬೆಯ ನವಿರಾದ ತುಪ್ಪಳವು ರೇಡಿಯೇಟರಿನಲ್ಲಿ ಸಿಕ್ಕು ಎಂಜಿನ್ನನ್ನು ಕಾಯಿಸುವದು. ಬಿಸಿಯಾದ ಕೊಳವೆಯ ಮೇಲೆ ಕೂತರೆ ಬೆಂಕಿಯೂ ಹುಟ್ಟಬಹುದು. ಕಣದಲ್ಲಿ ಕೆಲಸಮಾಡುವವರು ಬೆಂಕಿಯಿಲ್ಲದೆಯೂ ನೀರುಳ್ಳವರಾಗಿಯೂ ಇರಬೇಕೆಂದು ಕೌಟಿಲ್ಯನು ಸೀತಾಧ್ಯಕ್ಷ ಪ್ರಕರಣದ ಕೊನೆಗೆ ವಿಧಿಸಿದ್ದುಂಟು. ಕುಸುಬೆಯ ಹೊಲಕ್ಕೆ ಹೋಗುವ ಯಂತ್ರದ ಮೇಲೆ ನೀರಿನ ಕೊಡವನ್ನು ಇಟ್ಟುಕೊಳ್ಳುವವನು ಆ ವಿಧಿಯನ್ನೇ ಪಾಲಿಸಿದಂತಾಯಿತು.

ತುಬಚಿ-ಬಬಲೇಶ್ವರ ಮೊದಲಾದ ಏತನೀರಾವರಿಗಳಿಂದ ಕೃಷ್ಣೆಯ ನೀರು ಈ ಸೀಮೆಗೆ ಹರಿದುಬಂದಂತೆ ಕಬ್ಬು ದ್ರಾಕ್ಷಿಗಳು ಹಬ್ಬುತ್ತಿವೆ. ಕಿರುಧಾನ್ಯಕ್ಕೂ ಗೋದಿಗೂ ಉಳಿಯುವದು ನೀರು ಮುಟ್ಟದ ಎರೆಯೇ. ಅಂಥ ಹೊಲದ ಇಳುವರಿಯು ಅಲ್ಪ. ಅಲ್ಪದಲ್ಲಿ ನೂರಕ್ಕೆ ಐದಂಶ ಹೋದರೂ ಬಾಡಿಗೆ ಹುಟ್ಟದು.

೬. ಉಪಸಂಹಾರ

ಕಣದಲ್ಲಿ ಕಾಳು ಚೆಲ್ಲಿದರೆ ಗುಡಿಸಿ ಎತ್ತಿಕೊಳ್ಳಬಹುದಾಗಿದ್ದಿತು. ಬಡಗಿ, ಕಮ್ಮಾರ ಮೊದಲಾದ ಆಯಗಾರರು ತಮ್ಮ ಪಾಲನ್ನು ರಾಶಿಯ ಬಳಿಯೇ ಪಡೆಯುತ್ತಿದ್ದರು. ಬಡವರು ಉಳಿದುದನ್ನು ಆಯ್ದುಕೊಳ್ಳುತ್ತಿದ್ದರು. ಸ್ಮೃತಿಗಳು ಈ ಆಯ್ದುಕೊಳ್ಳುವಿಕೆಗೆ ಶಿಲೋಂಛವೆಂದು ಹೆಸರಿಟ್ಟು ಅದನ್ನು ಪವಿತ್ರವಾದ ಜೀವನೋಪಾಯಗಳ ಸಾಲಿನಲ್ಲಿ ಸೇರಿಸಿವೆ. ಮಹಾಭಾರತದ ಅಶ್ವಮೇಧಪರ್ವದಲ್ಲಿ ಮುಂಗುಲಿಯು ಹೊಗಳುವ ಹಿಟ್ಟು ಉಂಛವೃತ್ತಿಯ ಬ್ರಾಹ್ಮಣನದೇ. ಹದತಪ್ಪಿದ ಯಂತ್ರವು ಚೆಲ್ಲುವ ಕಾಳು ಮಾತ್ರ ಎಕರೆಗಟ್ಟಲೆ ಹೊಲದಲ್ಲಿ ಹೊಟ್ಟಿನೊಡನೆ ಹರಡಿಹೋಗುವದರಿಂದ ಅದು ಒಡೆಯನಿಗೂ ಇಲ್ಲ, ಆಯಗಾರನಿಗೂ ಇಲ್ಲ, ಆಯುವವನಿಗೂ ಇಲ್ಲ. ಕಣವು ಹೋದ ಮೇಲೆ ಅದರ ಪಾಲುಗಳು ಹೋದವು. ಉಳಿದ ಕಾಳನ್ನಾದರೂ ಕಾಯುವ ಹೊಣೆಯು ಯಂತ್ರವನ್ನು ಹದಗೊಳಿಸುವವನದಾಯಿತು.

ಬಾಡಿಗೆಯ ಚಾಲಕನು ಗಂಟೆಯ ಲೆಕ್ಕದಿಂದ ಕೊಯ್ಯುವನು. ಕಾಳು ಎಲ್ಲಿ ಬೀಳುತ್ತಿದೆಯೆಂದು ಬಗ್ಗಿ ನೋಡುವ ಬಿಡುವು ಅವನಿಗಿರುವದು ಅಪರೂಪ. ಹೊಲದ ಒಡೆಯನೇ ಹಿಂದೆ ನಡೆದು, ಚದರ ಮೀಟರಿನ ಒಂದು ಚೌಕಟ್ಟನ್ನು ನೆಲಕ್ಕಿಟ್ಟು ಕಾಳೆಣಿಸಿ, ದೋಷವು ಇಂತಹ ಸ್ಥಾನದ್ದೆಂದು ಅವನಿಗೆ ತಿಳಿಯಹೇಳಬೇಕು. ಹೀಗೆ ಹೇಳುವದಕ್ಕೆ ಮಾತುಗಳು ಬೇಕು. ಒಕ್ಕು, ತೂರು, ಕುಲುಕು, ಜಾಡಿಸು, ಹಸನು, ಹೊಟ್ಟು, ತುಪ್ಪಳ ಎಂಬ ಕಣದ ಮಾತುಗಳು ಯಂತ್ರದ ಅಂಗಗಳಿಗೆ ಸರಿಯಾಗಿ ಹೊಂದುವವು. ಹಂತಿಯ ಹಾಡುಗಳನ್ನು ಸಂಗ್ರಹಿಸಿ ಅಚ್ಚುಹಾಕಿಸಿದ ವಿದ್ವಾಂಸರ ಶ್ರಮವು ಶ್ಲಾಘ್ಯವಾದುದು. ಹಂತಿ ಹೊಡೆದ ಹಿರಿಯರು ಟಿಕೋಟ ಬಬಲೇಶ್ವರಗಳ ಹಳ್ಳಿಗಳಲ್ಲಿ ಇನ್ನೂ ಇರುವಾಗಲೇ ಅವರ ಬಾಯಿಂದ ಕಣದ ಕ್ರಿಯಾಪದಗಳನ್ನೂ ಹದದ ಲಕ್ಷಣಗಳನ್ನೂ ಕೇಳಿ ಬರೆದುಕೊಂಡು, ಯಂತ್ರದ ಅಂಗಗಳೊಡನೆ ಜೋಡಿಸಿದ ಕೋಶವೊಂದನ್ನು ಸಿದ್ಧಪಡಿಸಿದರೆ, ಅದು ಭಾಷಾಧ್ಯಾಪಕರಿಗೂ ಹೊಲದ ಒಡೆಯರಿಗೂ ಏಕಪ್ರಕಾರವಾಗಿ ಉಪಯುಕ್ತವಾಗುವದು.